ಕಟ್ಟಿದ ಕೈ

ಸರ್ಕಾರಿ ದವಾಖಾನೆ, ಕಲಬುರ್ಗಿ
ಮಾರ್ಗಶಿರ ಶುದ್ಧ ಅಷ್ಟಮಿ, ಡಿಸೆಂಬರ್ ೧೯೪೭

ಈ ಕಾಗದ ಹಿಡಿದು ಓದುತ್ತಿರುವವನೇ, ನೀನು ಅಣ್ಣಾರಾಯ ಮಾಸ್ತರನೇ ಇರಬೇಕು, ಮೊದಲ ಮಾತು ನಿನಗೆ. ಪ್ಯಾರಿಬಿಗೆ ಅಕ್ಷರ ಬಾರದು, ಅದಕ್ಕೆ ನಿನ್ನ ಬಾಯಿ ಬೇಕಾಗಿದೆ. ನಿನ್ನ ಬುದ್ಧಿ ಬೇಕಾಗಿಲ್ಲ. ಬೈಗುಳ ಬಂದಲ್ಲಿ ಕೆಮ್ಮಿದ ಹಾಗೆ ಮಾಡಿ ಮುಂದಿನ ಸಾಲಿಗೆ ಜಾರಿಕೊಳ್ಳುವ ಚಾಳಿ ನಿಮ್ಮಪ್ಪನಿಗೂ ಇತ್ತು, ನಿನಗೂ ಇದ್ದೀತು. ಜಾರಬೇಡ. ಈ ಕಾಗದದಲ್ಲಿ ಬೈಗುಳ ಬಿಟ್ಟರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಗಟ್ಟಿಯಾಗಿ ಓದು. ಪಡಸಾಲೆಯಲ್ಲಿ ಅವಳ ಗಂಡ ರಸೂಲ ಕೂತಿದ್ದರೆ ಅವನ ಕಿವಿಗೂ ಬೀಳಲಿ.

ಪ್ಯಾರಿ, ಆಳಂದದ ಮನೆಗೆ ಬೀಗ ಜಡಿದು ಗಂಡನನ್ನು ಕರೆದುಕೊಂಡು ಜೇವರ್ಗಿಗೆ ತವರಿಗೆ ಹೋಗಿ ಕೂತಿದ್ದೀಯಂತೆ. ಅಡಗಿಕೊಳ್ಳುವುದಕ್ಕೆ ನಿನಗೆ ಬೇರೆ ಊರು ಸಿಗಲಿಲ್ಲವೇ? ಜೇವರ್ಗಿ ನನಗೂ ತವರು. ಆ ಓಣಿಯಲ್ಲಿ ಯಾವ ಬಾಗಿಲು ಎಳೆದರೆ ಕಿರ್ರೆನ್ನುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ನಮ್ಮಪ್ಪ ಕಟ್ಟೆಯ ಮೇಲೆ ಹುಡುಗರಿಗೆ ಕಲಿಸುವಾಗ ನಾವಿಬ್ಬರೂ ಕಂಬದ ಮರೆಯಲ್ಲಿ ಕೂತಿರುತ್ತಿದ್ದೆವು. ನಾನು ಬಳಪದಿಂದ ತಿದ್ದಿದೆ, ನೀನು ಬಳಪವನ್ನು ತಿಂದೆ. ಅದಕ್ಕೇ ಇವತ್ತು ನಾನು ಬರೆಯುವವಳು, ನೀನು ಓದಿಸಿಕೊಳ್ಳುವವಳು.

ನಡೆದದ್ದನ್ನು ನಿನ್ನ ಗಂಡ ನಿನಗೆ ಹೇಗೆ ಹೇಳಿದ್ದಾನೋ ತಿಳಿಯದು. ನಾನು ಕಂಡದ್ದನ್ನು ಕೇಳು. ನನ್ನ ಮೊಮ್ಮಗ ದತ್ತೂ, ಪ್ರಹ್ಲಾದನ ಮಗ, ಶೇಂಗಾ ಚೀಲದ ಮೇಲೆ ಕೂತು ಹೊಲದಿಂದ ಬರುವಾಗ ಬಂಡಿಯಿಂದ ಜಾರಿ ಬಿದ್ದ. ಗಾಲಿ ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ ಹಾಯಿತು. ನಮ್ಮ ಸರಸಂಬಾದಲ್ಲಿ ಯಾರ ಎಲುಬು ಮುರಿದರೂ ಆಳಂದದ ರಸೂಲನ ಹೆಸರೇ ಬಾಯಿಗೆ ಬರುವುದು. ಪ್ರಹ್ಲಾದ ತಾನೇ ಬಂಡಿ ಹೊಡೆದುಕೊಂಡು ಹೋಗಿ ಅವನನ್ನು ಕರೆತಂದ. ರಸೂಲ ಕಾಲು ಎಳೆದು ಎಲುಬು ಕೂಡಿಸಿದ, ಉದ್ದಿನ ಹಿಟ್ಟಿನಲ್ಲಿ ಕೋಳಿ ತತ್ತಿಯ ಬಿಳಿ ಕಲಸಿ ಬಳಿದ, ಬಿದಿರಿನ ದಬ್ಬೆ ಇಟ್ಟು ಅರಿವೆ ಸುತ್ತಿ ಬಿಗಿದ. ನಮ್ಮ ಮನೆಯ ಹೊಸ್ತಿಲನ್ನು ತತ್ತಿ ದಾಟಿದ್ದು ಅದೇ ಮೊದಲು. ನಾನು ದೇವರ ಕೋಣೆಯ ಬಾಗಿಲು ಎಳೆದುಕೊಂಡು ನಿಂತೆ.

ಹೋಗುವಾಗ ಅಂಗಳದಲ್ಲಿ ನಿಂತು ಹೇಳಿದ: “ಮೂರನೇ ದಿನ ನಾನಽ ಬಂದು ಬಿಚ್ಚಿ ನೋಡಿ, ಮತ್ತ ಕಟ್ತೀನ್ರಿ ಅಕ್ಕಾ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ. ಕಟ್ಟಿದ ಕೈನಽ ಬಿಚ್ಚಬೇಕು, ಅದು ನಮ್ಮ ಮನಿತನದ ನೇಮ.”

ಆ ನೇಮ ಯಾರಿಗೆ ಗೊತ್ತಿಲ್ಲ? ನಿನ್ನ ಮಾವ ಎಲುಬು ಕಟ್ಟುತ್ತಿದ್ದ ಕಾಲದಿಂದ ಸುತ್ತಿನ ಊರುಗಳಲ್ಲಿ ಯಾರೂ ಅದನ್ನು ಮೀರಿದ್ದಿಲ್ಲ. ಬೇರೆ ಕೈ ತಾಗಿದರೆ ಎಲುಬು ಮುನಿದು ಮತ್ತೆ ಕೂಡುವುದಿಲ್ಲ ಎಂದು ಕೂಸುಗಳಿಗೂ ಗೊತ್ತು.

ಮೂರನೆಯ ದಿನ ಅವನು ಬರಲಿಲ್ಲ. ಕಾಲು ಬಾತು ಕಟ್ಟಿನ ಅಂಚಿನಲ್ಲಿ ಉಬ್ಬಿ ನಿಂತಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಸೊಸೆ ಲೀಲಾಬಾಯಿ ಕುಡುಗೋಲು ತಂದಳು, ಕಟ್ಟು ಕೊಯ್ಯುತ್ತೇನೆ ಎಂದಳು. ಓಣಿಯ ಹೆಂಗಸರೆಲ್ಲ ಸೇರಿ ಅವಳ ಕೈ ಹಿಡಿದರು. ನಾಳೆ ಬರುತ್ತಾನೆ, ಎಲುಬು ಕೆಡಿಸಬೇಡ ಎಂದರು. ಮರುದಿನವೆಲ್ಲ ಪ್ರಹ್ಲಾದ ಹೊಸ್ತಿಲ ಮೇಲೆ ದಾರಿ ನೋಡುತ್ತ ಕೂತಿದ್ದ. ಬಿಚ್ಚು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹುಡುಗ ಅಳುವಾಗ ನನಗೆ ಹೆದರಿಕೆಯಾಗಲಿಲ್ಲ. ಅವನ ಅಳು ನಿಂತಿತು, ಆಗ ಹೆದರಿದೆ. ನಾನೇ ಬಂಡಿ ಕಟ್ಟಿಸಿದೆ.

ಇಲ್ಲಿಯ ಡಾಕ್ಟರ ಅಬ್ದುಲ್ ಗನಿ ಸಾಹೇಬರು ಕಟ್ಟು ಬಿಚ್ಚಿ ಒಂದೊಂದೇ ಬೆರಳು ಒತ್ತಿ ನೋಡಿದರು. ಆಮೇಲೆ ಹೇಳಿದರು: “ಕಟ್ಟಿದ್ದು ತಪ್ಪಲ್ರೀ ಅಮ್ಮಾ. ಎಲುಬು ಸೀದಾ ಕೂಡ್ಯದ. ಬಾವು ಬಂದ ಮ್ಯಾಗ ಕಟ್ಟು ಸಡ್ಲ ಮಾಡಬೇಕಿತ್ತು. ರಕ್ತ ಕೆಳಗ ಇಳೀಲಿಲ್ಲ. ಅಷ್ಟ ಮಂದ್ಯಾಗ ಒಬ್ಬರೂ ಕತ್ರಿ ಹಾಕಲಿಲ್ಲೇನ್ರಿ?”

ಮೊಣಕಾಲಿನ ಮೇಲಿನಿಂದ ಕಾಲು ತೆಗೆದರು, ಪ್ಯಾರಿ.

ಒಂದೇ ಮಾತು ಕೇಳುತ್ತೇನೆ. ಮೂರನೆಯ ದಿನ ಅವನು ಯಾಕೆ ಬರಲಿಲ್ಲ? ಜ್ವರವೇ, ಮದುವೆಯೇ, ಮರೆತನೇ? ಸುಳ್ಳು ಹೇಳುವುದಾದರೂ ಹೇಳಿ ಕಳಿಸು. ಸುಮ್ಮನಿರಬೇಡ.

ನಿನ್ನ ಜೊತೆ ಒಂದೇ ಕಂಬದ ಮರೆಯಲ್ಲಿ ಕೂತವಳು,
ನರ್ಮದಾ

*

ಸರ್ಕಾರಿ ದವಾಖಾನೆ, ಕಲಬುರ್ಗಿ
ಎಳ್ಳಮಾವಾಸ್ಯೆಯ ಮರುದಿನ, ಜನವರಿ ೧೯೪೮

ಪ್ಯಾರಿ,

ನಿನ್ನ ಉತ್ತರ ಬರಲಿಲ್ಲ. ಟಪಾಲಿನವನು ಬರುವ ಹೊತ್ತಿಗೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಅವನು ನನ್ನನ್ನು ಕಂಡರೆ ಆಚೆ ಮುಖ ಮಾಡುವಷ್ಟಾಗಿದೆ.

ಗಾಯ ಕೀವು ಹಿಡಿದು ಮತ್ತೊಮ್ಮೆ ಕೊಯ್ದರು. ಇನ್ನೂ ಕೆಲವು ತಿಂಗಳು ಇಲ್ಲಿಯೇ ಇರಬೇಕಂತೆ. ನಾನು ಮಂಚದ ಕೆಳಗೆ ಮಲಗುತ್ತೇನೆ, ಹಿಂದಿನ ಪಡಸಾಲೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತೇನೆ. ನಮ್ಮ ಸಾಲಿನಲ್ಲಿ ಎಲ್ಲರೂ ಎಲುಬಿನವರೇ. ಒಬ್ಬನ ತೊಡೆಗೆ ಹಗ್ಗ ಕಟ್ಟಿ ಮಂಚದ ಕಾಲ ಕಡೆ ಉಸುಕಿನ ಚೀಲ ಇಳಿಬಿಟ್ಟಿದ್ದಾರೆ. ತುಡುಗು ದನಕ್ಕೆ ಕೊರಳಲ್ಲಿ ಕೊರಡು ಕಟ್ಟುತ್ತಾರಲ್ಲ, ಹಾಗೆ ಕಾಣುತ್ತದೆ. ಅವನ ಅಣ್ಣ ನೋಡಲು ಬಂದವನು, ನನ್ನ ತಮ್ಮ ಏನು ಕದ್ದ ಎಂದು ಜಗಳ ತೆಗೆದ. ನಕ್ಕೆವು. ನಾನೂ ನಕ್ಕೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೊದಮೊದಲು ವಾರ್ಡಿನ ಒಳಗೆ ಹೋಗಲು ನನಗೆ ಹಿಂಜರಿಕೆ. ಯಾರ ನೀರೋ, ಯಾರ ಹಾಸಿಗೆಯೋ. ಬಾಗಿಲಲ್ಲಿ ಸೆರಗು ಮುದುಡಿಕೊಂಡು ನಿಂತಿದ್ದೆ. ನರ್ಸು ಖುರ್ಷಿದಬೇಗಂ ಕಂಡಳು. “ಅಮ್ಮಾ, ನಿಮ್ಮ ಮಡಿ ಹೊರಗ ಕುಂದರ್ಲಿ, ನೀವು ಒಳಗ ಬರ್ರಿ. ಹುಡುಗಗ ನೀವು ಬೇಕು, ಮಡಿ ಬ್ಯಾಡ,” ಎಂದಳು. ನಾನೂ ಬಿಡಲಿಲ್ಲ. “ನಿನ್ನ ಅತ್ತಿ ಹ್ಯಾಂಗ ಬಾಳ್ವಿ ಮಾಡ್ತಾಳ ಬೇ ನಿನ್ನ ಜೋಡಿ?” ಎಂದೆ. “ಆಕಿ ತೀರಿಕೊಂಡಾಳ್ರಿ,” ಎಂದು ನಕ್ಕಳು. ಅವತ್ತಿನಿಂದ ನಮ್ಮಿಬ್ಬರಿಗೆ ಚಲೋ ಹೊಂದಿಕೆ.

ನಿನ್ನೆ ಎಳ್ಳಮಾವಾಸ್ಯೆ. ಲೀಲಾಬಾಯಿ ಸಜ್ಜೆಯ ಕಡುಬು, ಭಜ್ಜಿ ಮಾಡಿಕೊಂಡು ಬಂದಿದ್ದಳು. ಹೊಲದಲ್ಲಿ ಕೂತು ಉಣ್ಣಬೇಕಾದ್ದನ್ನು ಫಿನಾಯಿಲಿನ ವಾಸನೆಯಲ್ಲಿ ಉಂಡೆವು. ಅವಳು ಮಗನ ಕಾಲ ಕಡೆ ನೋಡುವುದಿಲ್ಲ, ಮುಖ ಮಾತ್ರ ನೋಡುತ್ತಾಳೆ. ಪ್ರಹ್ಲಾದ ಬಾಗಿಲ ತನಕ ಬರುತ್ತಾನೆ, ಅಲ್ಲೇ ನಿಲ್ಲುತ್ತಾನೆ, ಹೋಗುತ್ತಾನೆ. ಹೆತ್ತ ಮಗನ ಮಂಚಕ್ಕೆ ಒಂದು ಕೈ ಹಚ್ಚಲಿಲ್ಲ ಇಷ್ಟು ದಿನಗಳಲ್ಲಿ. ಇಂಥ ಪುಕ್ಕನನ್ನು ಹೆತ್ತೆನಲ್ಲ ಎಂದು ಅವನೆದುರಿಗೇ ಅಂದೆ. ಹೊರಟುಹೋದ.

ಊಟವಾದ ಮೇಲೆ ದತ್ತೂ ನನ್ನನ್ನು ಕರೆದ. “ಆಯಿ, ಎಡಗಾಲಿನ ಹೆಬ್ಬಟ್ಟ ತುರಸಾಕತ್ತದ. ಕೆರಿ,” ಎಂದ. ಇಲ್ಲದ ಕಾಲು ತುರಿಸುತ್ತದೆ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಏನು ಮಾಡಲಿ? ಮಂಚದ ಮೇಲೆ ಕೂತು ಬರಿ ಚಾದರ ಕೆರೆದೆ. “ಇನ್ನೊಂದೀಟು ಕೆಳಗ ಆಯಿ,” ಎಂದ. ಇನ್ನಷ್ಟು ಕೆಳಗೆ ಕೆರೆದೆ. “ಹಾಂ,” ಎಂದು ಕಣ್ಣು ಮುಚ್ಚಿದ. ಅವನಿಗೆ ನಿದ್ದೆ ಹತ್ತುವ ತನಕ ಕೆರೆಯುತ್ತಲೇ ಇದ್ದೆ.

ಇದನ್ನು ನಿನ್ನ ಗಂಡನಿಗೆ ಎರಡು ಸಲ ಓದಿ ಹೇಳಿಸು. ಮತ್ತು ನಾನು ಕೇಳಿದ್ದಕ್ಕೆ ಉತ್ತರ ಕಳಿಸು.

ನರ್ಮದಾ

*

ಜೇವರ್ಗಿ
ಫೆಬ್ರವರಿ ೧೯೪೮

ನರ್ಮದಕ್ಕನಿಗೆ ಪ್ಯಾರಿಬಿಯ ಸಲಾಮು.

ನಾನು ಹೇಳುತ್ತಿದ್ದೇನೆ, ಅಣ್ಣಾರಾಯ ಮಾಸ್ತರರು ಬರೆಯುತ್ತಿದ್ದಾರೆ. ನಿನ್ನ ಎರಡು ಕಾಗದಗಳನ್ನೂ ಓದಿಸಿಕೊಂಡೆ. ಇವರೂ ಕೇಳಿದರು. ಕಾಲು ತೆಗೆದ ಸಂಗತಿ ಮೊದಲ ಕಾಗದದಿಂದಲೇ ನಮಗೆ ಗೊತ್ತಾದದ್ದು. ಅವತ್ತು ಇವರು ಎದ್ದುಹೋಗಿ ಕುದುರೆಯ ಹತ್ತಿರ ನಿಂತುಕೊಂಡರು. ಊಟಕ್ಕೆ ಕರೆದರೂ ಬರಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದೆ. ಅದನ್ನು ನಾನು ಹೇಳುವುದಿಲ್ಲ. ಬೈಯುವುದಿದ್ದರೆ ಬೈ ಅಕ್ಕ. ನಿನ್ನ ಬೈಗುಳ ನನಗೆ ಹೊಸದಲ್ಲ, ಬಳಪ ತಿಂದ ದಿನದಿಂದ ಕೇಳುತ್ತಿದ್ದೇನೆ. ಬೈದು ನೀನು ತಣ್ಣಗಾದರೆ ನನಗೆ ಅಷ್ಟೇ ಸಾಕು.

ಇವರು ಈಗ ಎಲುಬು ಕಟ್ಟುವುದಿಲ್ಲ. ಯಾರು ಬಂದರೂ ದವಾಖಾನೆಗೆ ಹೋಗಿರಿ ಎನ್ನುತ್ತಾರೆ.

ಪ್ರಹ್ಲಾದ ಹೇಗಿದ್ದಾನೆ? ಅವನನ್ನು ಬೈಯಬೇಡ. ಅವನ ಮುಂದೆ ಇವರ ಹೆಸರು ತೆಗೆಯಬೇಡ. ದತ್ತೂನನ್ನು ನೆನೆಯದೆ ನನ್ನ ನಮಾಜು ಮುಗಿಯುವುದಿಲ್ಲ.

ಪ್ಯಾರಿಬಿ

ತಾಯಿಯವರಿಗೆ ಬರೆದವನ ನಮಸ್ಕಾರ. ಒಂದು ಅಕ್ಷರವನ್ನೂ ಹಾರಿಸದೆ ಓದಿದ್ದೇನೆ. ಕೆಮ್ಮಲೂ ಇಲ್ಲ. ಅಣ್ಣಾರಾಯ.

*

ಸರ್ಕಾರಿ ದವಾಖಾನೆ, ಕಲಬುರ್ಗಿ
ಹೋಳಿ ಹುಣ್ಣಿಮೆ, ಮಾರ್ಚ್ ೧೯೪೮

ಪ್ಯಾರಿ,

ಉತ್ತರ ಇದೆ, ಹೇಳುವುದಿಲ್ಲ ಎನ್ನಲು ನೀನು ಯಾವ ಊರಿನ ನವಾಬಳು ಎಂದು ಬರೆಯಲು ಕೂತಿದ್ದೆ. ಆ ಕಾಗದ ಮುಗಿಯುವ ಮೊದಲೇ ನಿನ್ನ ಗಂಡ ಇಲ್ಲಿಗೆ ಬಂದ. ಬಂದದ್ದು ನಿನಗೆ ಗೊತ್ತಿದೆಯೋ ಇಲ್ಲವೋ.

ಬೆಳಿಗ್ಗೆ ಹೊರಗಿನ ರೋಗಿಗಳ ಸಾಲಿನಲ್ಲಿ ಒಬ್ಬ ರುಮಾಲಿನವನು ಶಾಲು ಹೊದ್ದು ನಿಂತಿದ್ದ. ಈ ಬಿಸಿಲಿನಲ್ಲಿ ಶಾಲು ಯಾಕೆ ಎಂದು ನೋಡಿದರೆ ರಸೂಲ. ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಕೆಳಗಿಟ್ಟೆ.

“ಈಗ ಬಂದ್ಯಾ? ನಿನ್ನ ಮೂರನೇ ದಿನ ಈಗ ಬಂತೇನು?” ಎಂದೆ.

ಇಡೀ ಸಾಲು ನನ್ನ ಕಡೆ ತಿರುಗಿತು. ನಾನು ನಿಲ್ಲಿಸಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿದ. ಕಡೆಗೆ, “ಹುಡುಗನ್ನ ಒಂದೀಟು ನೋಡಿ ಹೋಗ್ತೀನಿ ಅಕ್ಕಾ,” ಎಂದ.

“ಏನ್ ಉಳದದ ನೋಡಾಕ?”

ಅವನು ಶಾಲಿನ ಒಳಗಿನಿಂದ ಒಂದು ಗಂಟು ತೆಗೆದು ನನ್ನ ಮುಂದೆ ಹಿಡಿದ. ಬಾರಿಹಣ್ಣು. ಎಡಗೈಯಲ್ಲಿ ಹಿಡಿದಿದ್ದ. ನನ್ನ ಮೈ ಉರಿದುಹೋಯಿತು.

“ಎಡಗೈಲೆ ಕೊಡ್ತೀಯಾ? ನನ್ನ ಮೊಮ್ಮಗನ ಕಾಲು ತಿಂದು, ಮ್ಯಾಲ ಎಡಗೈಲೆ ಭಿಕ್ಷಾ ಹಾಕ್ತೀಯಾ?”

ಅವನು ಶಾಲು ಸರಿಸಿ ಬಲಗೈ ಹೊರಗೆ ತೆಗೆದ. ಮಣಿಕಟ್ಟು ಒಂದು ಕಡೆಗೆ ಸೊಟ್ಟಗೆ ತಿರುಗಿತ್ತು. ಬೆರಳು ಅರ್ಧ ಮಡಿಚಿಕೊಂಡಿದ್ದವು, ಮುಚ್ಚಲೂ ಬಾರವು, ಬಿಚ್ಚಲೂ ಬಾರವು. ಅದನ್ನು ನನಗೆ ತೋರಿಸಿ, ತಪ್ಪು ಮಾಡಿದವನಂತೆ ಮತ್ತೆ ಶಾಲಿನೊಳಗೆ ಇಟ್ಟುಕೊಂಡ.

ಗಂಟು ತೆಗೆದುಕೊಂಡೆ. ಇನ್ನೇನು ಮಾಡಲಿ?

ಒಳಗೆ ಕರೆದುಕೊಂಡು ಹೋದೆ. ದತ್ತೂ ಗೋಡೆಗೆ ಒರಗಿ ಕೂತಿದ್ದ. ರಸೂಲನನ್ನು ಕಂಡ ಕೂಡಲೇ ಗುರುತು ಹಿಡಿದ. “ಕಾಕಾ, ಬಿಚ್ಚಾಕ ಬಂದ್ರಿ?” ಎಂದ. ಹುಡುಗನಿಗೆ ಕೋಪ ತಾಪ ಏನೂ ಇರಲಿಲ್ಲ. ಬರುತ್ತೇನೆ ಎಂದವನು ಬಂದಿದ್ದಾನೆ ಎನ್ನುವ ಹಾಗೆ ಕೇಳಿದ. ನಿನ್ನ ಗಂಡ ಎಡಗೈಯನ್ನು ಅವನ ತಲೆಯ ಮೇಲಿಟ್ಟ. ಹಾಗೆಯೇ ನಿಂತಿದ್ದ. ಖುರ್ಷಿದಬೇಗಂ ಬಂದು ಸ್ಟೂಲು ಕೊಟ್ಟರೂ ಕೂಡಲಿಲ್ಲ.

ಆ ಹೊತ್ತಿಗೆ ಗನಿ ಸಾಹೇಬರು ಬಂದರು. ಎಲುಬಿನ ಡಾಕ್ಟರರ ಕಣ್ಣು ಮೊದಲು ಎಲುಬಿಗೇ ಹೋಗುತ್ತದೆ. ಶಾಲು ಸರಿಸಿ ಕೈ ಹೇಗಿದೆ ಎಂದು ನೋಡಿದರು.

“ಏನಾತು?”

“ಬಿದ್ದೆ ಸಾಹೇಬ.”

“ಬಿದ್ದದ್ದಲ್ಲ. ಇದು ಬಡಿಗಿ ಏಟು. ತಲಿಗೆ ಕೈ ಅಡ್ಡ ಕೊಟ್ಟಾಗ ಬಿದ್ದದ್ದು. ಯಾರು ಕಟ್ಟಿದ್ರು ಇದನ್ನ?”

“ಕಟ್ಟಾಂವ ನಾನಽ ಇದ್ನಲ್ಲ ಸಾಹೇಬ. ಒಂದ ಕೈಲೆ ಎಷ್ಟ ಆಗ್ತದ ಅಷ್ಟ ಕಟ್ಟಿಕೊಂಡೆ.”

ಸಾಹೇಬರು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊ. ಸೊಟ್ಟ ಕೂಡಿದ ಎಲುಬನ್ನು ಮದ್ದು ಕೊಟ್ಟು ಮಲಗಿಸಿ ಮತ್ತೆ ಮುರಿಯಬೇಕು, ನೇರ ಕೂಡಿಸಿ ಸುಣ್ಣದಂಥ ಪಟ್ಟಿ ಹಾಕಬೇಕು. ಈ ವರ್ಷದ ಒಳಗೆ ಮಾಡಿದರೆ ಬೆರಳು ಬಂದಾವು. ತಡವಾದರೆ ಬೆರಳು ಹೀಗೇ ಒಣಗಿಹೋಗುತ್ತವೆ. ನಿನ್ನ ಗಂಡ, “ನೋಡೂಣ್ರಿ,” ಎಂದು ಹೊರಟುಹೋದ. ಹೊತ್ತು ಏರುವ ಮೊದಲೇ ಹೊರಟುಹೋದ.

ಪ್ಯಾರಿ, ಅವನ ಕೈಗೆ ಏನಾಯಿತು? ಯಾವಾಗ ಆಯಿತು?

ನರ್ಮದಾ

*

ಜೇವರ್ಗಿ
ಏಪ್ರಿಲ್ ೧೯೪೮

ನರ್ಮದಕ್ಕನಿಗೆ ಸಲಾಮು.

ಕುದುರೆಯಿಂದ ಬಿದ್ದರು. ಡಾಕ್ಟರರಿಗೆ ನನಗಿಂತ ಹೆಚ್ಚು ತಿಳಿಯುತ್ತದೆ. ಆದರೂ ಕುದುರೆಯಿಂದ ಬಿದ್ದರು.

ಬಾರಿಹಣ್ಣು ದತ್ತೂ ತಿಂದನೇ?

ಪ್ಯಾರಿಬಿ

*

ಸರಸಂಬಾ
ಕಾರಹುಣ್ಣಿಮೆ ಕಳೆದು, ಜೂನ್ ೧೯೪೮

ಪ್ಯಾರಿ,

ತಿಂದ. ಬೀಜಗಳನ್ನು ಮಂಚದ ಕೆಳಗೆ, ನನ್ನ ಹಾಸಿಗೆಯ ಮೇಲೆ ಉಗುಳಿದ.

ನಾವು ಊರಿಗೆ ಬಂದಿದ್ದೇವೆ. ದತ್ತೂ ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ಅಂಗಳ ದಾಟುತ್ತಾನೆ. ಅಫಜಲಪುರದ ನನ್ನ ಮಗಳು ಶಾರದಾಬಾಯಿ ಅಲ್ಲಿಯ ಬಡಿಗನಿಂದ ಹಗುರ ಕಟ್ಟಿಗೆಯಲ್ಲಿ ಮಾಡಿಸಿ ಕಳಿಸಿದ್ದಾಳೆ. ಊರಿನಲ್ಲಿ ಅರ್ಧ ಮನೆಗಳು ಖಾಲಿ. ಲೂಟಿಗೆ ಹೆದರಿದವರೆಲ್ಲ ಖಜೂರಿ ದಾಟಿ ಸಂಸ್ಥಾನದ ಗಡಿಯಾಚೆ ಹೋಗಿದ್ದಾರೆ. ಈ ಸಲ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಹಚ್ಚಲಿಲ್ಲ. ಕೊಂಬು ತೊಳೆದು ಹೋಳಿಗೆ ತಿನ್ನಿಸಿ ಒಳಗೆ ಕಟ್ಟಿದೆವು.

ಅವತ್ತು ಊಟಕ್ಕೆ ಕೂತಾಗ ನಿನ್ನ ಮಾತು ಮೀರಿದೆ. ಪ್ರಹ್ಲಾದನ ಮುಂದೆ ರಸೂಲನ ಹೆಸರು ತೆಗೆದೆ. ದವಾಖಾನೆಗೆ ಬಂದಿದ್ದ, ಬಲಗೈ ಸೊಟ್ಟ ಆಗಿದೆ, ಬಡಿಗೆಯ ಏಟು ಎಂದರು ಡಾಕ್ಟರರು, ಪ್ಯಾರಿ ಮಾತ್ರ ಕುದುರೆಯಿಂದ ಬಿದ್ದ ಎನ್ನುತ್ತಾಳೆ ಎಂದೆ. ಪ್ರಹ್ಲಾದನ ಕೈಯಲ್ಲಿ ತುತ್ತು ಇತ್ತು. ಅದನ್ನು ಎಲೆಯ ಮೇಲೆ ಇಟ್ಟ. ಎದ್ದು ದನದ ಕೊಟ್ಟಿಗೆಗೆ ಹೋದ.

ನಾನು ಹಿಂದೆಯೇ ಹೋದೆ. ಎತ್ತಿನ ಬೆನ್ನಿಗೆ ಹಣೆ ಹಚ್ಚಿ ನಿಂತಿದ್ದ. ನನ್ನ ಕಡೆ ತಿರುಗದೆ ಹೇಳಿದ.

“ಮೂರನೇ ದಿನ ನಾವು ಊರ ಅಗಸಿ ಬಾಗಲಿಗೆ ಕಾವಲಿದ್ವಿ ಅವ್ವಾ. ಆಚಿ ಊರಾಗ ಲೂಟಿ ಆಗ್ಯದ, ಇಲ್ಲೂ ಬರ್ತಾರ ಅಂತ ಸುದ್ದಿ ಇತ್ತು. ಹೊತ್ತ ಮುಳಗಾಕತ್ತಿತ್ತು. ಕುದರಿ ಮ್ಯಾಲ ಒಬ್ಬಾಂವ ಬಂದ. ಬಗಲಾಗ ಉದ್ದಂದು ಗಂಟು. ಬಂದೂಕ ಅಂತ ಯಾರೋ ಒದರಿದ್ರು.”

“ಮೊದಲ ಹೊಡದಾಂವ ಯಾರು?”

“ನಾನಽ.”

“ಅಂವ ಏನೂ ಅನ್ನಲಿಲ್ಲೇನು?”

“ಅಂದ. ಒದರಾಟದಾಗ ಯಾರ ಕೇಳಿದ್ರು? ಕೈ ಅಡ್ಡ ಹಿಡದ. ಕುದರಿ ಹೊಳ್ಳಿ ಓಡಿತು. ಗಂಟ ಅಲ್ಲೇ ಬಿತ್ತು. ಬಿಚ್ಚಿ ನೋಡಿದ್ರ ಬಿದರಿನ ದಬ್ಬಿ, ಅರಿವಿ, ಒಡದ ತತ್ತಿ.”

ಪ್ಯಾರಿ, ನಾನು ಎತ್ತಿನ ಗೋದಲಿಯ ಮೇಲೆ ಕೂತುಬಿಟ್ಟೆ.

“ಗೊತ್ತಾದ ಮ್ಯಾಲ ಬಾಯಿ ಯಾಕ ಬಿಡಲಿಲ್ಲ ಲೇ? ಮನ್ಯಾಗ ಹುಡುಗನ ಕಾಲು ಕರ್ರಗಾಗಾಕತ್ತಿತ್ತು.”

“ಏನಂತ ಹೇಳಲಿ? ಕಾವಲಿದ್ದವರೆಲ್ಲಾ ಬಾಯಿ ಮುಚ್ಚಿಕೊಂಡ್ರು. ಅಂವ ಕಟ್ಟ್ಯಾನ, ಅಂವನಽ ಬಿಚ್ಚಬೇಕು. ಅಂವನ್ನ ನಾನಽ ಹೊಡದ ಓಡಿಸೀನಿ. ಕೈ ಮುರದದ್ದು ಗೊತ್ತಿರಲಿಲ್ಲವ್ವಾ. ಮರುದಿನ ಸಿಟ್ಟು ನುಂಗಿ ಬಂದಾನು, ಕಾಲಿಗೆ ಬೀಳೂಣು ಅಂತ ಹೊಸ್ತಿಲ ಮ್ಯಾಲ ಕುಂತೆ. ದಾರಿ ನೋಡಿದೆ.”

ಅವನು ದಾರಿ ನೋಡುತ್ತ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಿನಗೆ ಬರೆದೂ ಇದ್ದೆ. ಅದನ್ನು ಕೇಳಿಸಿಕೊಂಡಾಗ ನಿನಗೆ ಎಲ್ಲ ಗೊತ್ತಿತ್ತು. ರಸೂಲ ತನ್ನನ್ನು ಹೊಡೆದವನ ಮುಖ ನೋಡಿದ್ದಾನೆ. ತನ್ನನ್ನು ಬಂಡಿಯಲ್ಲಿ ಕೂಡಿಸಿಕೊಂಡು ಕರೆತಂದವನ ಮುಖ ಅದು.

ಈಗ ನಿನ್ನ ಮೇಲೆ ಬಂದಿರುವ ಸಿಟ್ಟು ಮೊದಲಿನದಕ್ಕಿಂತ ದೊಡ್ಡದು. ನನ್ನ ಮಗನನ್ನು ನನ್ನ ಕಣ್ಣಲ್ಲಿ ಉಳಿಸಲು ನೀನು ಯಾರು? ಮೊದಲ ಕಾಗದಕ್ಕೇ ಹೇಳಿದ್ದರೆ ಅವತ್ತೇ ರಸೂಲನನ್ನು ಎಳೆದುಕೊಂಡು ಬಂದು ಗನಿ ಸಾಹೇಬರ ಮುಂದೆ ಕೂಡಿಸುತ್ತಿದ್ದೆ. ಎಲುಬು ಹಸಿ ಇತ್ತು. ನೀನು ಸುಮ್ಮನಿದ್ದೆ. ಅದು ಸೊಟ್ಟ ಕೂಡಿತು. ನಾನು ಬೈದೆ, ನೀನು ಕೇಳಿಸಿಕೊಂಡೆ, ಅಣ್ಣಾರಾಯ ಒಂದು ಅಕ್ಷರವನ್ನೂ ಹಾರಿಸಲಿಲ್ಲ. ಸಾಲಿನಲ್ಲಿ ನಿಂತ ಅಷ್ಟು ಜನರ ಮುಂದೆ ಎಡಗೈ ಎಂದು ಅವನನ್ನು ಹಳಿದೆ. ನಾನು ಇದನ್ನೆಲ್ಲ ಎಲ್ಲಿ ಇಟ್ಟುಕೊಳ್ಳಲಿ?

ಲೀಲಾಬಾಯಿಗೆ ನಾನು ಹೇಳಿಲ್ಲ. ಕುಡುಗೋಲು ತಂದವಳು ಅವಳೊಬ್ಬಳೇ. ಅವಳಿಗೆ ಹೇಳಬೇಕಾದವನು ಪ್ರಹ್ಲಾದ. ಇನ್ನೂ ಹೇಳಿಲ್ಲ. ಒಂದೇ ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಾಳೆ, ಅವನು ತಿನ್ನುತ್ತಾನೆ.

ರಸೂಲನನ್ನು ಕರೆದುಕೊಂಡು ಬಾ. ದಾರಿ ಚಲೋ ಇಲ್ಲ ಎಂದು ಗೊತ್ತು, ಆದರೂ ಬಾ. ದವಾಖಾನೆಯಲ್ಲಿ ಮಂಚದ ಕೆಳಗೆ ಮಲಗುವುದು ನನಗೆ ರೂಢಿಯಾಗಿದೆ. ನಾನೇ ಇರುತ್ತೇನೆ.

ನರ್ಮದಾ

*

ಸರಸಂಬಾ
ದಸರೆ ಮುಗಿದು, ಅಕ್ಟೋಬರ್ ೧೯೪೮

ಅಣ್ಣಾರಾಯ,

ಈ ಸಲ ನಿನ್ನ ಬಾಯಿಯ ಜೊತೆಗೆ ಕಾಲುಗಳೂ ಬೇಕಾಗಿವೆ, ಅದಕ್ಕೆ ಕಾಗದವನ್ನು ನಿನ್ನ ಹೆಸರಿಗೇ ಬರೆದಿದ್ದೇನೆ.

ಕಳೆದ ತಿಂಗಳು ಗಡಿಯಾಚೆಯಿಂದ ಮಿಲಿಟರಿ ಬಂತು, ಲೂಟಿಯ ಹೆದರಿಕೆ ಹೋಯಿತು. ಗಡಿಯಾಚೆ ಹೋದವರು ಒಬ್ಬೊಬ್ಬರಾಗಿ ಬಂದು ಬಾಗಿಲು ತೆರೆದರು. ನಮ್ಮೂರಲ್ಲಿ ಬನ್ನಿ ಕೊಟ್ಟು ಅಪ್ಪಿಕೊಂಡರು. ಹಾಗೆಯೇ ಬೇರೆ ಊರುಗಳಿಂದ ಸೇಡಿನ ಸುದ್ದಿಗಳೂ ಬಂದವು. ಯಾರ ಮನೆಗೆ ಬೆಂಕಿ, ಯಾವ ಬಾವಿಯಲ್ಲಿ ಏನು. ಹೇಳುವವರು ದನಿ ತಗ್ಗಿಸಿ ಹೇಳುತ್ತಾರೆ, ಕೆಲವರು ತಗ್ಗಿಸುವುದೂ ಇಲ್ಲ. ಜೇವರ್ಗಿ ಎಂದು ಯಾರಾದರೂ ಅಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ.

ಬನ್ನಿ ಮುಡಿದ ಮರುದಿನ ಪ್ರಹ್ಲಾದ ಬಂಡಿ ಹೂಡಿದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಲೀಲಾಬಾಯಿ ಕೇಳಿದಳು. ಆಗ ಅಂಗಳದಲ್ಲಿ ನಿಂತು ಅವಳಿಗೆ ಎಲ್ಲ ಹೇಳಿದ. ಅವಳು ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ರೊಟ್ಟಿಯ ಗಂಟು ತಂದು ಬಂಡಿಯಲ್ಲಿಟ್ಟು, “ಅವರು ಸಿಗಲಾರದ ಹೊಳ್ಳಿ ಬರಬ್ಯಾಡ್ರಿ,” ಎಂದಳು. ಅಷ್ಟೇ ಅಂದಳು.

ಅವನು ಹೊಳ್ಳಿ ಬಂದ. ನೀನೇ ಅವನಿಗೆ ಪ್ಯಾರಿಯ ಮನೆ ತೋರಿಸಿದೆಯಂತೆ. ಬಾಗಿಲು ತೆರೆದಿತ್ತಂತೆ, ಒಲೆಯ ಮೇಲೆ ಖಾಲಿ ಗಡಿಗೆ ಇತ್ತಂತೆ. ಜೇವರ್ಗಿಯಲ್ಲಿ ಗದ್ದಲ ಆದ ದಿನ ಬೆಳಿಗ್ಗೆ ಗಂಡ ಹೆಂಡಿರಿಬ್ಬರೂ ನಡೆದುಕೊಂಡು ಹೋದದ್ದನ್ನು ನೀನು ಕಂಡೆಯಂತೆ, ಯಾವ ಕಡೆ ಎಂದು ಕಾಣಲಿಲ್ಲವಂತೆ. ಕುದುರೆ ಮಾತ್ರ ಓಣಿಯಲ್ಲಿ ಅಡ್ಡಾಡುತ್ತಿದೆ, ಯಾರು ಕರೆದರೂ ಹತ್ತಿರ ಬರುವುದಿಲ್ಲ. ಪ್ರಹ್ಲಾದ ಅಫಜಲಪುರಕ್ಕೂ ಹೋಗಿ ಕೇಳಿದ, ಆಳಂದದ ಬೀಗವನ್ನೂ ನೋಡಿ ಬಂದ. ಈಗ ಮತ್ತೆ ಹೊಸ್ತಿಲ ಮೇಲೆ ಕೂರುತ್ತಾನೆ. ದತ್ತೂ ಬಡಿಗೆಯನ್ನು ಗೋಡೆಗೆ ಒರಗಿಸಿ ಅಪ್ಪನ ಪಕ್ಕದಲ್ಲಿ ಕೂರುತ್ತಾನೆ. ನಿನ್ನೆ ಅವನು ಕೇಳಿದ: “ಆಯಿ, ರಸೂಲ ಕಾಕಾಗ ಎಡಗೈಲೆ ಉಣ್ಣಾಕ ಬರ್ತದೇನು?” ಬರುತ್ತದೆ ಎಂದೆ. ಯಾರು ಬಡಿಸುತ್ತಿದ್ದಾರೋ ನನಗೇನು ಗೊತ್ತು?

ಹಾಗಾಗಿ ನಿನಗೆ ಹೇಳುತ್ತೇನೆ, ಮಾಸ್ತರ. ಈ ಕಾಗದವನ್ನು ಖಾಲಿ ಮನೆಗೆ ಓದಿ ಹೇಳಬೇಡ. ಹುಡುಕು. ದರ್ಗಾದ ಮಂದಿಯನ್ನು ಕೇಳು, ಸ್ಟೇಷನ್ನಿನಲ್ಲಿ ಕೇಳು, ಹೈದರಾಬಾದಿಗೆ ಹೋಗಿ ಬರುವವರನ್ನು ಕೇಳು. ಸೊಟ್ಟ ಕೈಯವನೊಬ್ಬ, ಸೆರಗಿನ ಚುಂಗು ಕಚ್ಚಿಕೊಂಡು ನಡೆಯುವ ಮುದುಕಿಯೊಬ್ಬಳು. ಗುರುತು ಸಿಗದ ಜನರಲ್ಲ. ಸಿಕ್ಕಾಗ ಕೆಳಗಿನದನ್ನು ಓದು. ಕೆಮ್ಮು ಬಂದರೆ ಈ ಸಲ ಕೆಮ್ಮು, ನಾನು ಏನೂ ಅನ್ನುವುದಿಲ್ಲ.

ಪ್ಯಾರಿ, ಗನಿ ಸಾಹೇಬರು ಇನ್ನೂ ಅಲ್ಲಿಯೇ ಇದ್ದಾರೆ. ಕೇಳಿಸಿದ್ದೇನೆ. ಚಳಿಗಾಲ ಮುಗಿಯುವ ತನಕ ಬಂದರೂ ಕೈ ನೋಡುತ್ತೇನೆ ಎಂದಿದ್ದಾರೆ. ಬೆರಳು ಪೂರಾ ಬರುವ ಮಾತು ಕೊಟ್ಟಿಲ್ಲ. ತುತ್ತು ಎತ್ತುವಷ್ಟು ಬಂದೀತು ಎಂದಿದ್ದಾರೆ. ಖುರ್ಷಿದಬೇಗಂ ಮಂಚ ಹಿಡಿದಿಡುತ್ತಾಳಂತೆ. ಕಟ್ಟಿದ ಕೈಯೇ ಬಿಚ್ಚಬೇಕು ಎಂಬುದು ನಿಮ್ಮ ಮನೆತನದ ನೇಮ. ಆ ನೇಮ ಹಿಡಿದು ನಾವು ಒಂದು ಕಾಲು ಕಳೆದುಕೊಂಡೆವು. ಈಗ ನಮ್ಮ ಮನೆಯಿಂದ ಒಂದು ನೇಮ ಮಾಡಿದ್ದೇನೆ. ಮುರಿದ ಕೈಯೇ ಹಿಡಿದು ದವಾಖಾನೆಗೆ ತರಬೇಕು. ಬಂಡಿಗೆ ಹುಲ್ಲು ಹಾಸಿ ಇಟ್ಟಿದ್ದಾನೆ ಪ್ರಹ್ಲಾದ. ಎಲ್ಲಿದ್ದೀರಿ ಎಂದು ಗೊತ್ತಾದರೆ ಸಾಕು.

ನೀನು ಬರೆಯಲಾರೆ ಎಂದು ಬಲ್ಲೆ. ಬರೆದುಕೊಡುವವರು ಸಿಗದಿದ್ದರೆ ರಸೂಲನೇ ಒಂದು ಗೀಟು ಎಳೆದು ಕಳಿಸಲಿ, ಬದುಕಿದ್ದೀರಿ ಎಂದು ತಿಳಿದುಕೊಳ್ಳುತ್ತೇನೆ. ಎಡಗೈಯಿಂದ ಎಳೆದರೂ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಅದು ನನಗೆ ಮುಟ್ಟಬೇಕು.

ದಾರಿ ನೋಡುತ್ತಿರುವ
ನರ್ಮದಾ